ಕೋವಿ ಲೈಸೆನ್ಸ್ ಇದ್ದರೆ ಆಫ್ರಿಕಾ ಸಫಾರಿಗೆ ಬಂದೂಕು ಒಯ್ಯಬಹುದೇ? ಕಸ್ಟಮ್ಸ್‌ನಲ್ಲಿ ನಿಜವಾಗಿ ಏನು ಕೇಳುತ್ತಾರೆ?

ಲೈಸೆನ್ಸ್ ಇರುವ ಕೋವಿಯನ್ನು ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ಸೀಲು ಹಾಕಿಸಿಕೊಂಡರೆ ಸಾಕು, ಯಾವ ದೇಶಕ್ಕೆ ಬೇಕಾದರೂ ಒಯ್ಯಬಹುದು, ಆಫ್ರಿಕಾದಲ್ಲಿ ಶಿಕಾರಿ ಮಾಡಿ ಬರಬಹುದು ಎಂಬ ಮಾತು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಆಗಾಗ ತೇಲಿ ಬರುತ್ತದೆ. ಅದಕ್ಕೆ ಪೂರಾ ಉಲ್ಟಾ ಮಾತೂ ಇದೆ: ಕೋವಿ ಹಿಡಿದು ದೇಶದ ಗಡಿ ದಾಟುವುದೇ ಅಪರಾಧ, ಸಿಕ್ಕಿಬಿದ್ದರೆ ಜೀವಮಾನವಿಡೀ ಜೈಲು. ಎರಡೂ ಸರಿಯಲ್ಲ. ಆದರೆ ಎರಡರಲ್ಲೂ ಒಂದೊಂದು ಚೂರು ನಿಜ ಇದೆ. ಇಷ್ಟು ಸಲೀಸಾಗಿ ಫಾರ್ವರ್ಡ್ ಆಗುವುದು ಅದಕ್ಕೇ.

ಎಕ್ಕಂಬಿಯಲ್ಲಿ ಕೂತವರಿಗೆ ಆಫ್ರಿಕಾದ ಶಿಕಾರಿ ಎಲ್ಲಿಯ ಮಾತು ಅನ್ನಿಸಬಹುದು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಿಗೆ ಬೆಳೆ ರಕ್ಷಣೆಯ ಕೋವಿ ಹೊಸದಲ್ಲ. ಅಂಥ ಮನೆಯ ಮಗನೋ ಮಗಳೋ ಅಮೆರಿಕದಲ್ಲೋ ದುಬೈಯಲ್ಲೋ ಇರುವುದೂ ಹೊಸದಲ್ಲ. ಕೋವಿಯ ಲೈಸೆನ್ಸು, ಪಾಸ್‌ಪೋರ್ಟು ಎರಡೂ ಒಂದೇ ಕಪಾಟಿನಲ್ಲಿರುವ ಮನೆಗಳಿವು. ಹಾಗಾಗಿ ಈ ಪ್ರಶ್ನೆ ನಮಗೆ ಅಷ್ಟೇನೂ ದೂರದ್ದಲ್ಲ.

ಮೊದಲ ಗಡಿ ಜಿಲ್ಲೆಯದು

ಕಸ್ಟಮ್ಸ್‌ಗಿಂತ ಮೊದಲು ಲೈಸೆನ್ಸ್ ಪುಸ್ತಕ ತೆಗೆದು ನೋಡಿ. ಯಾವ ಕೋವಿ, ಅದರ ನಂಬರು, ಎಷ್ಟು ಕಾಡತೂಸು, ಯಾವ ಉದ್ದೇಶಕ್ಕೆ ಎಂಬುದರ ಜೊತೆಗೆ ಅದು ಎಲ್ಲಿ ಊರ್ಜಿತ ಎಂಬುದನ್ನೂ ಬರೆದಿರುತ್ತಾರೆ. ಒಂದು ಜಿಲ್ಲೆ, ಒಂದು ರಾಜ್ಯ, ಇಲ್ಲವೇ ಇಡೀ ಭಾರತ. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸ್ ಇನ್ನೂ ಕಿರಿದು, ಕಾಯಬೇಕಾದ ಜಮೀನಿಗೆ ಸೀಮಿತ.

1959ರ ಆಯುಧ ಕಾಯ್ದೆ ಬೆಳೆ ಕಾಯಲು ಮುಖ್ಯವಾಗಿ ಯೋಚಿಸಿದ್ದು ಕೇಪಿನ ಕೋವಿಯನ್ನು, ಅಂದರೆ ನಳಿಕೆಯ ಬಾಯಿಂದ ಮಸಿ, ಚರೆ ತುಂಬುವಂಥದ್ದನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಹಾಕುವ ನುಣುಪು ನಳಿಕೆಯ ಕೋವಿ. ಈ ಲೈಸೆನ್ಸ್ ಹಿಡಿದು ಎಕ್ಕಂಬಿಯಿಂದ ಹೊರಟವರಿಗೆ ಹಾವೇರಿ ಜಿಲ್ಲೆಯ ಗಡಿಯೇನೂ ದೂರವಿಲ್ಲ. ಹುಬ್ಬಳ್ಳಿ ವಿಮಾನ ನಿಲ್ದಾಣ ಧಾರವಾಡ ಜಿಲ್ಲೆಯಲ್ಲಿದೆ, ದಾಬೋಲಿಂ ಇನ್ನೊಂದು ರಾಜ್ಯದಲ್ಲಿದೆ. ಲೈಸೆನ್ಸಿನ ವ್ಯಾಪ್ತಿಯನ್ನು ಹಿಗ್ಗಿಸಿಕೊಳ್ಳದೆ ಹೊರಟರೆ ಕಸ್ಟಮ್ಸ್ ಕೌಂಟರ್ ಕಣ್ಣಿಗೆ ಬೀಳುವ ಮೊದಲೇ, ದಾರಿಯ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳಬಹುದು. ವ್ಯಾಪ್ತಿ ಹಿಗ್ಗಿಸುವ ಅರ್ಜಿ ಲೈಸೆನ್ಸ್ ಕೊಟ್ಟ ಕಚೇರಿಗೇ ಹೋಗಬೇಕು. ನಮ್ಮವರಿಗೆ ಅಂದರೆ ಕಾರವಾರಕ್ಕೆ. ಬೆಳೆ ಕಾಯಲು ಪಡೆದ ಕೋವಿಯನ್ನು ಶಿಕಾರಿಗೆ ಒಯ್ಯುತ್ತೇನೆ ಎಂದು ಅಲ್ಲಿ ಬರೆದುಕೊಡುವುದು ಹೇಗೆ, ನೀವೇ ಯೋಚಿಸಿ.

ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇರುವುದು ನಿಜ. ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ಅದು ಭಾರತದ ಕಾನೂನು ಕೊಟ್ಟ ವಿನಾಯಿತಿ. ಜೋಹಾನ್ಸ್‌ಬರ್ಗ್‌ನ ಪೊಲೀಸರಿಗೂ ಅದಕ್ಕೂ ಸಂಬಂಧವಿಲ್ಲ.

ಕಾನೂನಿನಲ್ಲಿ ದಾರಿ ಇದೆ, ಆದರೆ ಕಿರಿದು

ಈಗ ಫಾರ್ವರ್ಡಿನಲ್ಲಿರುವ ಆ ಚೂರು ನಿಜಕ್ಕೆ ಬರೋಣ. ಆಯುಧ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಪ್ರತ್ಯೇಕ ಲೈಸೆನ್ಸ್ ಇಲ್ಲದೆ ಯಾರೂ ಶಸ್ತ್ರಗಳನ್ನು ಭಾರತದೊಳಗೆ ತರುವಂತಿಲ್ಲ, ಹೊರಗೆ ಒಯ್ಯುವಂತಿಲ್ಲ. ಆದರೆ ಅದೇ ಸೆಕ್ಷನ್ ಒಂದು ಕಿಟಕಿ ತೆರೆದಿಟ್ಟಿದೆ. ಕಾನೂನುಬದ್ಧವಾಗಿ ಶಸ್ತ್ರ ಹೊಂದಿದವರು ಅದನ್ನು ಸ್ವಂತ ಬಳಕೆಗೆ, ಮಿತವಾದ ಪ್ರಮಾಣದಲ್ಲಿ ಒಯ್ಯುವುದಕ್ಕೂ ತರುವುದಕ್ಕೂ ಈ ಪ್ರತ್ಯೇಕ ಲೈಸೆನ್ಸ್ ಬೇಡ. ಮಿತ ಎಂದರೆ ಎಷ್ಟು, ಸ್ವಂತ ಬಳಕೆ ಹೌದೋ ಅಲ್ಲವೋ ಎಂಬ ಸಂಶಯ ಬಂದರೆ ಕಸ್ಟಮ್ಸ್ ಕಮಿಷನರ್ ಕೇಂದ್ರ ಸರ್ಕಾರದ ಆದೇಶ ಬರುವವರೆಗೆ ಶಸ್ತ್ರವನ್ನು ತಡೆಹಿಡಿಯಬಹುದು. ಸಂಶಯಕ್ಕೆ ಎಡೆಯಾಗದಂತೆ ಕಾಗದಪತ್ರ ಇಟ್ಟುಕೊಳ್ಳುವುದು ಪ್ರಯಾಣಿಕರ ತಲೆನೋವು.

ಕ್ರೀಡೆಗೆಂದು ಬಂದೂಕು ತರುವ ವಿದೇಶಿ ಪ್ರವಾಸಿಗಳಿಗೂ ಇದೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಇದೆ. ಇದು 1959ರ ಭಾರತದ ನೆನಪು. ಆಗ ವಿದೇಶಿಯರು ಇಲ್ಲಿಗೆ ಹುಲಿ ಹೊಡೆಯಲು ಬರುತ್ತಿದ್ದರು. ಹೊಡೆದ ಹುಲಿ, ಚಿರತೆಗಳ ಚರ್ಮ ಹದಮಾಡಿ, ತಲೆಗೆ ಗಾಜಿನ ಕಣ್ಣು ಕೂರಿಸುವ ಕೆಲಸಕ್ಕೆ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆ ಲೋಕಪ್ರಸಿದ್ಧವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1991ರ ತಿದ್ದುಪಡಿ ಲೈಸೆನ್ಸ್ ಬೇಟೆಯ ಉಳಿದ ಬಾಗಿಲನ್ನೂ ಮುಚ್ಚಿತು. ಆ ಕಾರ್ಖಾನೆಯೂ 1990ರ ದಶಕದ ಕೊನೆಗೆ ಬಾಗಿಲು ಹಾಕಿತು.

ಇಲ್ಲೇ ಇನ್ನೊಂದು ಗೊಂದಲ ಬಿಡಿಸಬೇಕು. ಕೋವಿಯ ಲೈಸೆನ್ಸ್ ಬೇರೆ, ಪ್ರಾಣಿ ಹೊಡೆಯುವ ಅನುಮತಿ ಬೇರೆ. ಕೇರಳ 2022ರಲ್ಲಿ ಪಂಚಾಯತಿ ಅಧ್ಯಕ್ಷರಿಗೆ ಹಂದಿ ಕೊಲ್ಲಿಸುವ ಆದೇಶ ಹೊರಡಿಸುವ ಅಧಿಕಾರ ಕೊಟ್ಟ ಸುದ್ದಿಯನ್ನು, ಇನ್ನು ಹಂದಿ ಹೊಡೆಯಬಹುದು ಎಂದು ಕರ್ನಾಟಕದ ರೈತರು ಓದಿಕೊಳ್ಳುವಂತಿಲ್ಲ. ಆಫ್ರಿಕಾದಲ್ಲೂ ಇದು ಹೀಗೇ. ಬಂದೂಕು ಒಳತರುವ ಪರ್ಮಿಟ್ ಒಂದು ಇಲಾಖೆಯದು, ಬೇಟೆಯ ಪರ್ಮಿಟ್ ಇನ್ನೊಂದರದು.

ವಿಮಾನ ಏರುವಾಗ

ಕೋವಿ ಕ್ಯಾಬಿನ್ನಿಗೆ ಹೋಗುವುದಿಲ್ಲ. ಗುಂಡು ತೆಗೆದು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ವಿಮಾನ ಕಂಪನಿಗೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆದು, ಚೆಕ್ ಇನ್ ಲಗೇಜಿನಲ್ಲಿ ಕೊಡಬೇಕು. ಕಾಡತೂಸಿಗೆ ಅಂತರರಾಷ್ಟ್ರೀಯ ವಿಮಾನಯಾನ ನಿಯಮದ ಮಿತಿ ಒಬ್ಬರಿಗೆ ಪ್ಯಾಕಿಂಗ್ ಸೇರಿ 5 ಕಿಲೋ. ಇಬ್ಬರ ಪಾಲನ್ನು ಒಂದೇ ಡಬ್ಬಿಗೆ ಹಾಕುವಂತಿಲ್ಲ. ನಮ್ಮ ಕೇಪಿನ ಕೋವಿಗೆ ಇಲ್ಲಿಗೇ ಕಥೆ ಮುಗಿಯಿತು. ಬಿಡಿ ಮಸಿಯನ್ನೂ ಕೇಪನ್ನೂ ಪ್ರಯಾಣಿಕ ವಿಮಾನದ ಯಾವ ಲಗೇಜಿನಲ್ಲೂ ಬಿಡುವುದಿಲ್ಲ. ಹೇಗೋ ಹೋಯಿತೆಂದೇ ಇಟ್ಟುಕೊಳ್ಳಿ, ಆಫ್ರಿಕಾದ ಹಲವು ದೇಶಗಳಲ್ಲಿ ಕಾಡೆಮ್ಮೆ, ಆನೆಯಂಥ ಅಪಾಯದ ಪ್ರಾಣಿಗೆ .375 ಬೋರಿಗಿಂತ ಸಣ್ಣ ರೈಫಲ್ ಹಿಡಿದು ಹೋಗಲು ಬಿಡುವುದಿಲ್ಲ.

ಹೊರಡುವ ದಿನದ ಅತಿ ಮುಖ್ಯ ಕೆಲಸ ಎಂದರೆ ಭಾರತದ ಕಸ್ಟಮ್ಸ್‌ಗೆ ಬಂದೂಕು ತೋರಿಸಿ, ಅದರ ನಂಬರು ನಮೂದಿಸಿದ ರಫ್ತು ಪ್ರಮಾಣಪತ್ರ ಪಡೆಯುವುದು. ಬೆಲೆಬಾಳುವ ಒಡವೆ, ಕ್ಯಾಮೆರಾ ಒಯ್ಯುವವರಿಗೂ ಇದೇ ಪ್ರಮಾಣಪತ್ರ. ತಡವಾಯಿತೆಂದು ಇದನ್ನು ಬಿಟ್ಟು ಓಡಿದರೆ, ವಾಪಸು ಬರುವಾಗ ನಿಮ್ಮ ಹಳೆಯ ಕೋವಿ ಕಾಗದದ ಮೇಲೆ ಹೊಸ ಆಮದು ಆಗುತ್ತದೆ. ಬಂದೂಕಿಗೆ ಸುಂಕ ವಿನಾಯಿತಿಯ ಲಗೇಜಿನಲ್ಲಿ ಜಾಗವಿಲ್ಲ. ಆಮದೆಂದರೆ ಬರೀ ಸುಂಕದ ಪ್ರಶ್ನೆಯೂ ಅಲ್ಲ, ಸಾಮಾನ್ಯವಾಗಿ ಅದು ನಿಷಿದ್ಧ.

ನಡುವೆ ವಿಮಾನ ಬದಲಿಸುವ ಊರನ್ನು ಮರೆಯಬೇಡಿ. ನಾವು ಬರೀ ಟ್ರಾನ್ಸಿಟ್, ಹೊರಗೆ ಹೋಗುವುದೇ ಇಲ್ಲ ಎಂಬ ಸಮಜಾಯಿಷಿ ಎಲ್ಲ ಕಡೆ ನಡೆಯದು. ಸಿಂಗಪುರದಲ್ಲಿ ಸಾಗಿ ಹೋಗುವ ಶಸ್ತ್ರಕ್ಕೂ ಪೊಲೀಸರ ಮುಂಗಡ ಲೈಸೆನ್ಸ್ ಬೇಕು.

ಆ ಕಡೆಯ ಕೌಂಟರ್‌ನಲ್ಲಿ

ಬೇಟೆಗೆಂದು ಬರುವ ವಿದೇಶಿಯರನ್ನು ದಕ್ಷಿಣ ಆಫ್ರಿಕಾದಷ್ಟು ನೋಡಿದ ದೇಶ ಕಡಿಮೆ. ಅಲ್ಲಿ ಬಂದೂಕಿನ ತಾತ್ಕಾಲಿಕ ಆಮದು ಪರ್ಮಿಟ್ ಕೊಡುವವರು ಪೊಲೀಸರು. ಅರ್ಜಿಯ ಹೆಸರು ಎಸ್‌ಎಪಿಎಸ್ 520. ಕಪ್ಪು ಶಾಯಿಯಲ್ಲಿ ತುಂಬಬೇಕು, ಆದರೆ ಸಹಿ ಮೊದಲೇ ಹಾಕುವಂತಿಲ್ಲ, ಅಧಿಕಾರಿಯ ಎದುರಿಗೇ ಹಾಕಬೇಕು. ಪಾಸ್‌ಪೋರ್ಟ್, ಟಿಕೆಟ್, ಬಂದೂಕು ನಿಮ್ಮದೇ ಎಂಬ ದಾಖಲೆ, ಬೇಟೆ ಏರ್ಪಡಿಸಿದವರ ಆಹ್ವಾನ ಪತ್ರ, ಈ ಬಂದೂಕು ಏಕೆ ಬೇಕು ಎಂದು ವಿವರಿಸುವ ಪತ್ರ ಎಲ್ಲವೂ ಜೊತೆಗಿರಬೇಕು. ವಯಸ್ಸು 21 ತುಂಬಿರಬೇಕು. ಒಂದೊಂದು ಬಂದೂಕಿಗೆ 200 ಗುಂಡು ಮಿತಿ. ಸ್ವಯಂಚಾಲಿತ, ಅರೆ ಸ್ವಯಂಚಾಲಿತ ಬಂದೂಕಿಗೆ ಪ್ರವೇಶವಿಲ್ಲ. ಕೊನೆಗೆ ಅರ್ಜಿಯಲ್ಲಿ ಬರೆದ ನಂಬರನ್ನು ಬಂದೂಕಿನ ಮೇಲೆ ಕೆತ್ತಿದ ನಂಬರಿನ ಜೊತೆ ಒಂದೊಂದೇ ಅಂಕೆ ಹಿಡಿದು ತಾಳೆ ನೋಡುತ್ತಾರೆ. ಒಂದು ಅಂಕೆ ತಪ್ಪಿದರೂ ಅವರ ಕಣ್ಣಿಗೆ ಅದು ಬೇರೆಯೇ ಬಂದೂಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತೇವಲ್ಲ, ಇಲ್ಲಿ ಅದು ಒಂದು ಅಂಕೆಗೆ ಹೋಗುತ್ತದೆ.

ಇಷ್ಟೆಲ್ಲ ಕಷ್ಟ ಯಾಕೆಂದು ಬಹಳ ಜನ ತಮ್ಮ ಬಂದೂಕು ಒಯ್ಯುವುದೇ ಇಲ್ಲ. ಬೇಟೆ ಏರ್ಪಡಿಸುವವರೇ ಅಲ್ಲಿ ಬಾಡಿಗೆಗೆ ಕೊಡುತ್ತಾರೆ. ಹೋಗಲೇಬೇಕೆನ್ನುವವರಿಗೆ ಇದೇ ಜಾಣತನ ಎಂದು ನನಗೆ ಅನ್ನಿಸುತ್ತದೆ.

ಇನ್ನು ಕೀನ್ಯಾ. ಕನ್ನಡಿಗರ ಸಫಾರಿ ಫೋಟೋಗಳಲ್ಲಿ ಕಾಣುವ ಮಸಾಯಿ ಮಾರಾ ಇರುವುದು ಅಲ್ಲಿ. ಕೀನ್ಯಾ 1977ರಲ್ಲೇ ಬೇಟೆಯನ್ನು ನಿಷೇಧಿಸಿದೆ. ಸಫಾರಿ ಎಂಬ ಸ್ವಾಹಿಲಿ ಪದಕ್ಕೆ ಪ್ರಯಾಣ ಎಂದಷ್ಟೇ ಅರ್ಥ. ಅರಬ್ಬಿ ಮೂಲದ್ದು, ಹಿಂದಿ ಹಾಡುಗಳಲ್ಲಿ ಕೇಳುವ ಸಫರ್ ಇದರ ದಾಯಾದಿ. ಕಬಿನಿಯ ಜೀಪಿನಲ್ಲಿ ಕೂತು ಹೋಗುವುದಕ್ಕೂ ಸಫಾರಿ, ಜೋಡಿ ನಳಿಕೆ ಹಿಡಿದು ಹೋಗುವುದಕ್ಕೂ ಸಫಾರಿ. ಅರ್ಧ ಗೊಂದಲ ಈ ಒಂದು ಪದದಿಂದಲೇ ಹುಟ್ಟಿದ್ದು.

ಅಮೆರಿಕದಲ್ಲಿರುವ ಮಕ್ಕಳು ಇದನ್ನು ಓದಲಿ

ನಮ್ಮ ಕಡೆಯ ಕುಟುಂಬಗಳಿಗೆ ಆಫ್ರಿಕಾಗಿಂತ ಇದು ಹತ್ತಿರದ ಅಪಾಯ. ಅಮೆರಿಕದಲ್ಲಿ ಬಂದೂಕು ಅಂಗಡಿಯಲ್ಲೇ ಸಿಗುತ್ತದೆ, ಗೆಳೆಯರು ಶೂಟಿಂಗ್ ರೇಂಜಿಗೆ ಕರೆಯುತ್ತಾರೆ, ಜಿಂಕೆ ಬೇಟೆಗೂ ಕರೆಯುತ್ತಾರೆ. ಆದರೆ ಅಲ್ಲಿಯ ಫೆಡರಲ್ ಕಾನೂನಿನ ಪ್ರಕಾರ ನಾನ್‌ಇಮಿಗ್ರಂಟ್ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವಂತಿಲ್ಲ. ಮಗಳ ಬಾಣಂತನಕ್ಕೆ ಹೋದ ಅಪ್ಪ ಅಮ್ಮನ ಪ್ರವಾಸಿ ವೀಸಾ, ಓದಲು ಹೋದವರ ಎಫ್‌1, ಕೆಲಸಕ್ಕೆ ಹೋದವರ ಎಚ್‌1ಬಿ ಎಲ್ಲವೂ ಈ ಲೆಕ್ಕಕ್ಕೇ ಬರುತ್ತವೆ. ಹೊಂದುವುದು ಅಂದರೆ ಕೊಳ್ಳುವುದು ಮಾತ್ರವಲ್ಲ. ರೇಂಜಿನಲ್ಲಿ ಬಾಡಿಗೆಯ ಬಂದೂಕನ್ನು ಅರ್ಧ ಗಂಟೆ ಕೈಯಲ್ಲಿ ಹಿಡಿದರೂ ಅದು ಹೊಂದಿದಂತೆಯೇ.

ಇದಕ್ಕೆ ಕೆಲವು ವಿನಾಯಿತಿಗಳಿವೆ. ಜನ ಹೆಚ್ಚು ಬಳಸುವುದು ಒಂದನ್ನು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಈ ನಿಷೇಧ ಅನ್ವಯಿಸುವುದಿಲ್ಲ. ಅದಿಲ್ಲದೆ ಸಿಕ್ಕಿಬಿದ್ದರೆ ಶಿಕ್ಷೆ 15 ವರ್ಷದವರೆಗೆ ಹೋಗಬಹುದು. ಬಂದೂಕಿನ ಅಪರಾಧದಲ್ಲಿ ತಪ್ಪಿತಸ್ಥರೆಂದಾದರೆ ಗಡೀಪಾರಿಗೂ ಅದು ಕಾರಣವಾಗುತ್ತದೆ. ಫೇಸ್‌ಬುಕ್ಕಿಗೆಂದು ತೆಗೆಸಿಕೊಂಡ ಫೋಟೋ ಸಾಕ್ಷಿಯಾದೀತು. ಗ್ರೀನ್ ಕಾರ್ಡ್ ಇರುವವರ ಲೆಕ್ಕ ಬೇರೆ.

ಅಲ್ಲಿ ಕೊಂಡ ಬಂದೂಕನ್ನು ಊರಿಗೆ ತರಬಹುದೇ ಎಂದು ಕೇಳುವವರೂ ಇದ್ದಾರೆ. ರಜೆಗೆ ಬರುವಾಗ ಖಂಡಿತ ಇಲ್ಲ. ಕಾಯಂ ವಾಸಕ್ಕೆ ಮರಳುವವರಿಗೆ ಮಾತ್ರ ಒಂದೇ ಒಂದು ಬಂದೂಕಿಗೆ ಅವಕಾಶವಿದೆ. ಅದು ಅಲ್ಲಿ ಕನಿಷ್ಠ ಒಂದು ವರ್ಷ ಅವರದೇ ಸ್ವಾಧೀನದಲ್ಲಿ, ಬಳಕೆಯಲ್ಲಿ ಇದ್ದಿರಬೇಕು. ಭಾರತದ ಲೈಸೆನ್ಸ್ ಮೊದಲೇ ಕೈಯಲ್ಲಿರಬೇಕು, ಸುಂಕ ಕಟ್ಟಬೇಕು. ಆಮೇಲೆ ಜೀವ ಇರುವವರೆಗೆ ಅದನ್ನು ಮಾರುವಂತಿಲ್ಲ, ಎರವಲು ಕೊಡುವಂತಿಲ್ಲ. ಜೊತೆಗೆ ಬೋರಿನ ತೊಡಕು ಇದೆ. .303 ಅಥವಾ 7.62 ಮಿ.ಮೀ. ಸೇನಾ ಗುಂಡನ್ನು ತುಂಬಿ ಹಾರಿಸಬಹುದಾದ ರೈಫಲ್ ಭಾರತದಲ್ಲಿ ನಿಷೇಧಿತ ಬೋರ್. ಅಮೆರಿಕದ ಜಿಂಕೆ ಬೇಟೆಗಾರರ ಅಚ್ಚುಮೆಚ್ಚಿನ .308ರ ಅಳತೆ 7.62 ಸೇನಾ ಗುಂಡಿಗೆ ತೀರ ಹತ್ತಿರ. ಅಲ್ಲಿ ಅಂಗಡಿಯ ಸಾಮಾನು, ಇಲ್ಲಿ ನಿಷೇಧಿತ ಶಸ್ತ್ರದ ಕೇಸು. ನಿಷೇಧಿತ ಶಸ್ತ್ರ ಹೊಂದಿದ್ದಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆಯೇ 7 ವರ್ಷ. ಗಡಿ ದಾಟಿದರೆ ಜೀವಮಾನವಿಡೀ ಜೈಲು ಎಂದು ಹೆದರಿಸುವ ಫಾರ್ವರ್ಡಿನಲ್ಲಿರುವ ಚೂರು ನಿಜ ಇದೇ ಇರಬೇಕು. ಕೆಲವು ಬಗೆಯ ಶಸ್ತ್ರಗಳಿಗೆ ಕಾನೂನು ನಿಜಕ್ಕೂ ಬಹಳ ಕಠಿಣ.

ಬೇಟೆಯ ನೆನಪಿಗೆ ಚರ್ಮ, ಕೋಡು, ಹಲ್ಲು ತರುವ ಆಸೆಯನ್ನಂತೂ ಅಲ್ಲೇ ಬಿಟ್ಟು ಬರಬೇಕು. ಚಿರತೆ, ಆನೆ, ಸಿಂಹ ಮೂರೂ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಭಾರತ 1976ರಿಂದ ಅದರ ಸದಸ್ಯ ದೇಶ. ಅಲ್ಲಿಯ ಬೇಟೆ ಪರ್ಮಿಟ್ ತೋರಿಸಿದ ಮಾತ್ರಕ್ಕೆ ಇಲ್ಲಿಯ ಕಸ್ಟಮ್ಸ್ ಅವನ್ನು ಲಗೇಜಿನಲ್ಲಿ ಒಳಗೆ ಬಿಡುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಕನ್ನಡದ ರಿಯಾಲಿಟಿ ಶೋ ಸ್ಪರ್ಧಿಯೊಬ್ಬರು ಹುಲಿ ಉಗುರಿನ ಪೆಂಡೆಂಟ್ ಹಾಕಿಕೊಂಡಿದ್ದಕ್ಕೆ ಬಂಧನವಾದಾಗ ಎಷ್ಟು ಮನೆಗಳಲ್ಲಿ ಜನ ಸದ್ದಿಲ್ಲದೆ ಕಪಾಟು ತಡಕಿದ್ದರು, ನೆನಪಿರಬಹುದು.

ಒಂದೇ ಒಂದು ಕಾಡತೂಸು

ಇಷ್ಟು ಓದಿ, ನಾವ್ಯಾರೂ ಕೋವಿ ಒಯ್ಯುವುದಿಲ್ಲವಲ್ಲ ಎಂದು ನಿರಾಳವಾದರೆ ಸ್ವಲ್ಪ ತಾಳಿ. ಕೋವಿ ಒಯ್ಯುವ ಯೋಚನೆಯೇ ಇಲ್ಲದವರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವುದು ಹೆಚ್ಚು. ಕಾರಣ ಬ್ಯಾಗು.

ರಾತ್ರಿ ಹಂದಿ ಕಾಯಲು ಹೋದಾಗ ಹೆಗಲಿಗೇರಿದ್ದ ಬ್ಯಾಗು. ಟಾರ್ಚು, ಎಲೆಯಡಿಕೆ, ನಾಲ್ಕು ಕಾಡತೂಸು. ಮಳೆಗಾಲ ಕಳೆದು ಬ್ಯಾಗು ಅಟ್ಟ ಸೇರುತ್ತದೆ. ಒಂದು ವರ್ಷದ ನಂತರ ಮೊಮ್ಮಗ ಅದನ್ನೇ ಎತ್ತಿಕೊಂಡು ಬೆಂಗಳೂರಿಗೋ ಸಿಯಾಟಲ್‌ಗೋ ಹೊರಡುತ್ತಾನೆ. ಮೂಲೆಯ ಜಿಪ್ಪಿನೊಳಗೆ ಹಿತ್ತಾಳೆ ಬುಡದ ಒಂದು ಕಾಡತೂಸು ಉಳಿದಿರುತ್ತದೆ. ಮನೆಯವರ ಕಣ್ಣಿಗೆ ಬೀಳದ್ದು ಎಕ್ಸ್‌ರೇ ಪರದೆಯ ಮೇಲೆ ಎದ್ದು ಕಾಣುತ್ತದೆ. ಭದ್ರತಾ ಸಿಬ್ಬಂದಿ ಪೊಲೀಸರಿಗೆ ಒಪ್ಪಿಸುತ್ತಾರೆ, ವಿಮಾನ ಹೊರಟುಹೋಗುತ್ತದೆ. ಲೈಸೆನ್ಸ್ ಅಜ್ಜನ ಹೆಸರಿನಲ್ಲಿದೆ, ಬ್ಯಾಗು ಮೊಮ್ಮಗನ ಹೆಗಲಲ್ಲಿದೆ. ಲೈಸೆನ್ಸ್ ಇಲ್ಲದ ಸ್ವಾಧೀನಕ್ಕೆ ಈಗ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಶಿಕ್ಷೆ.

ಆದರೆ ಬ್ಯಾಗಿನಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ಜೈಲು ಎಂಬುದೂ ತಪ್ಪು. ಸ್ವಾಧೀನ ಎಂದರೆ ಅರಿವಿದ್ದ ಸ್ವಾಧೀನ ಎಂದು ಸುಪ್ರೀಂ ಕೋರ್ಟ್ 1972ರಷ್ಟು ಹಿಂದೆಯೇ ಹೇಳಿದೆ. ಮರೆತುಹೋದ ಒಂದು ಗುಂಡಿಗಾಗಿ ದಾಖಲಾದ ಇಂಥ ಕೇಸುಗಳನ್ನು ಹೈಕೋರ್ಟ್‌ಗಳು ಹಲವು ಸಲ ರದ್ದು ಮಾಡಿವೆ. ಆದರೆ ಅದು ಎಫ್‌ಐಆರ್ ಆಗಿ, ವಕೀಲರು ಬಂದು, ತಿಂಗಳುಗಳು ಉರುಳಿದ ಮೇಲಿನ ಮಾತು. ಅಷ್ಟರಲ್ಲಿ ವೀಸಾ ಸಂದರ್ಶನದ ದಿನ ದಾಟಿರಬಹುದು. ರೇಂಜಿನಿಂದ ಕೀ ಚೈನಿಗೆಂದು ತಂದ ಖಾಲಿ ಕೋಶದ ಕಥೆಯೂ ಹೀಗೇ. ಜೊತೆಗೂಡಿಸಿ ಬಳಸುವ ಉದ್ದೇಶವಿಲ್ಲದ ಬಿಡಿ ಭಾಗ ಅಪರಾಧವಲ್ಲ ಎಂದು ಕಾಯ್ದೆಯ 45ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ, ಆದರೆ ಎಕ್ಸ್‌ರೇ ಯಂತ್ರದ ಮುಂದೆ ಕೂತವರು ಸೆಕ್ಷನ್ 45 ಚರ್ಚೆಗೆ ಕೂರುವುದಿಲ್ಲ.

ಒಂದು ವೇಳೆ ಸಿಕ್ಕಿದರೆ ಇದ್ದದ್ದನ್ನು ಇದ್ದಂತೆ ಹೇಳಿ. ಮನೆಗೆ ಫೋನ್ ಮಾಡಿ ಲೈಸೆನ್ಸಿನ ಎಲ್ಲ ಪುಟಗಳ ಫೋಟೋ ತರಿಸಿಕೊಳ್ಳಿ, ವಕೀಲರಿಗೆ ತಿಳಿಸಿ, ಓದದೆ ಯಾವ ಹೇಳಿಕೆಗೂ ಸಹಿ ಹಾಕಬೇಡಿ. ನಿಲ್ದಾಣದ ಬಾಗಿಲಲ್ಲಿ ನಿಮ್ಮ ಗಮನಕ್ಕೇ ಬಂದರೆ ಕಸದ ಬುಟ್ಟಿಗೆ ಎಸೆಯಬೇಡಿ. ಕ್ಯಾಮೆರಾ ಅದನ್ನು ನೋಡುತ್ತದೆ, ಮರೆವು ಅಲ್ಲಿಂದ ಮುಂದೆ ಬಚ್ಚಿಡುವಿಕೆ ಆಗುತ್ತದೆ. ಅಲ್ಲಿಯ ಪೊಲೀಸರಿಗೆ ನೀವೇ ಹೋಗಿ ಒಪ್ಪಿಸಿ.

ಪ್ರಯಾಣದ ಹಿಂದಿನ ದಿನ ಬ್ಯಾಗನ್ನು ಅಂಗಳಕ್ಕೆ ತಂದು, ಎಲ್ಲ ಜಿಪ್ಪು ತೆಗೆದು, ತಲೆಕೆಳಗು ಮಾಡಿ ಕೊಡವಿ. ಒಳ ಅಸ್ತರಿನ ಹರುಕಿಗೂ ಬೆರಳು ಹಾಕಿ ನೋಡಿ.